ಹೊಟ್ಟೆ ಕೊಯ್ಯುವವಳು

ಸಂರಕ್ಷಣಾ ಕಚೇರಿಯಲ್ಲಿ ಕೊಲ್ಲುವುದು ಎಂಬ ಮಾತೇ ಇರಲಿಲ್ಲ. ಅಲ್ಲಿ ನರಿಗಳನ್ನು ಯಾರೂ ಕೊಲ್ಲುತ್ತಿರಲಿಲ್ಲ, ನಿಯಂತ್ರಿಸುತ್ತಿದ್ದರು. ಗುಂಡು ತಿಂದು ಬಿದ್ದ ನರಿಯನ್ನು ಹೆಣ ಎನ್ನುತ್ತಿರಲಿಲ್ಲ, ಮಾದರಿ ಎನ್ನುತ್ತಿದ್ದರು. ಮಾದರಿಯ ಹೊಟ್ಟೆ ಕೊಯ್ದು ಒಳಗಿದ್ದದ್ದನ್ನು ತಟ್ಟೆಗಳಲ್ಲಿ ಬೇರೆ ಮಾಡಿ ಇಡುವ ಹೆಂಗಸಿಗೂ ಒಂದು ಚೆಂದದ ಹೆಸರು ಕೊಟ್ಟಿದ್ದರು, ವಿಶ್ಲೇಷಣಾ ಸಹಾಯಕಿ. ಅದು ಕಾಗದದಲ್ಲಿ. ಬಾಯಲ್ಲಿ ಎಲ್ಲರಿಗೂ ಅವಳು ಹೊಟ್ಟೆಯವಳು.

ಅವಳ ಶೆಡ್ಡು ಕಚೇರಿಯ ಹಿಂದಿತ್ತು. ಗಾಳಿ ಯಾವ ಕಡೆ ಬೀಸುತ್ತದೆ ಎಂದು ಆರು ತಿಂಗಳು ನೋಡಿ, ವಾಸನೆ ಅತಿಥಿಗೃಹದ ಕಡೆಗೆ ಹೋಗದ ಹಾಗೆ ಕಟ್ಟಿಸಿದ್ದರು. ಹಿಂದಿನ ಸಾಲಿನ ಮನೆಗಳ ಕಡೆಗೆ ಹೋದರೆ ಪರವಾಗಿಲ್ಲ. ತಗಡಿನ ಸೂರು, ಸಿಮೆಂಟು ನೆಲ, ಒಂದು ತಗಡಿನ ಮೇಜು, ನೀರಿನ ಪೈಪು, ಒಂದು ಜರಡಿ, ನಾಲ್ಕು ತಟ್ಟೆ, ಕೊಳೆನೀರು ಹರಿಯಲು ಬಾಗಿಲ ಮುಂದೆ ಒಂದು ಸಣ್ಣ ಕಾಲುವೆ. ಎದೆಮೂಳೆಯ ಕೆಳಗೆ ಚಾಕು ಇಟ್ಟು ಕೆಳಗಿನವರೆಗೆ ಒಂದೇ ಎಳೆತಕ್ಕೆ ಸೀಳಬೇಕು. ಚಾಕು ಆಳಕ್ಕೆ ಹೋದರೆ ಕರುಳು ತೂತಾಗಿ ಎಲ್ಲ ಹಾಳು. ಹೊಟ್ಟೆಯ ಚೀಲವನ್ನು ಎರಡೂ ತುದಿಗೆ ದಾರ ಕಟ್ಟಿ ಹೊರಗೆ ತೆಗೆಯಬೇಕು. ತಟ್ಟೆಯಲ್ಲಿ ಬಿಚ್ಚಿ, ಜರಡಿಯ ಮೇಲೆ ನೀರು ಬಿಟ್ಟು, ಬೆರಳಲ್ಲಿ ತಡವಿ ತಡವಿ ಬೇರೆ ಮಾಡಬೇಕು. ಮಾಂಸ ಮೂಳೆ ಒಂದು ತಟ್ಟೆಗೆ, ಹುಲ್ಲು ಬೀಜ ಇನ್ನೊಂದಕ್ಕೆ, ಮೊಟ್ಟೆಯ ಚಿಪ್ಪು ಮೂರನೆಯದಕ್ಕೆ, ಪ್ಲಾಸ್ಟಿಕ್ಕು ಇತ್ಯಾದಿ ದರಿದ್ರವೆಲ್ಲ ನಾಲ್ಕನೆಯದಕ್ಕೆ. ಕೈಗವಸು ಕೊಟ್ಟಿದ್ದರು. ಅದು ಗಂಡಸರ ಅಳತೆಯದು. ಅವಳ ಬೆರಳು ಮುಗಿದ ಮೇಲೂ ಅದರ ಬೆರಳು ಎರಡು ಅಂಗುಲ ಮುಂದಕ್ಕೆ ಜೋತಾಡುತ್ತಿತ್ತು. ಅದನ್ನು ಹಾಕಿಕೊಂಡು ಚಿಪ್ಪು ಹುಡುಕುವುದು ಆಗದ ಕೆಲಸ ಎಂದು ಮೊದಲ ದಿನವೇ ಬಿಚ್ಚಿ ಮೂಲೆಗೆ ಎಸೆದಿದ್ದಳು. ಬರಿಗೈಯಲ್ಲೇ ಕೆಲಸ. ಸಂಜೆ ಸೋಪು ಹಚ್ಚಿ, ಬೂದಿ ಹಚ್ಚಿ, ಮತ್ತೆ ಸೋಪು ಹಚ್ಚಿದರೂ ಉಗುರಿನ ಸಂದಿಯ ವಾಸನೆ ಹೋಗುತ್ತಿರಲಿಲ್ಲ.

ಈ ಕೆಲಸಕ್ಕೆ ಅವಳೇ ಯಾಕೆ ಎಂದು ಯಾರೂ ಕೇಳಲಿಲ್ಲ. ಕೇಳುವ ಮಾತೇ ಅಲ್ಲ ಅದು. ಅವಳು ಹಿಂದಿನ ಸಾಲಿನವಳು. ಊರಿನಲ್ಲಿ ಸತ್ತದ್ದನ್ನೆಲ್ಲ ಎಳೆದುಕೊಂಡು ಹೋಗಿ ಸುಲಿದವರ ಮೊಮ್ಮಕ್ಕಳು ಅಲ್ಲಿ ಇರುವುದು. ಅವಳ ಮೈದುನನಿಗೆ ಬಂದೂಕು ಕೊಟ್ಟರು, ಅವಳಿಗೆ ಚಾಕು ಕೊಟ್ಟರು. ಅವನು ಹೊಡೆಯುವುದು, ಅವಳು ಕೊಯ್ಯುವುದು. ಗಂಡ ಲಾರಿಯ ಮೇಲೆ ಹೋದವನು ತಿಂಗಳಿಗೊಮ್ಮೆ ಮುಖ ತೋರಿಸುತ್ತಿದ್ದ. ಮನೆಯಲ್ಲಿ ಉಳಿದದ್ದು ಅತ್ತೆ, ಮತ್ತೆ ಸೋಮಾರಿ.

ಸೋಮಾರಿ ಎಂದರೆ ನಾಯಿ. ಹೆಸರು ಅತ್ತೆ ಇಟ್ಟದ್ದು. ಬಿಸಿಲು ಸರಿದರೆ ಅದೂ ಸರಿಯುತ್ತಿತ್ತು, ಅಷ್ಟೇ ಅದರ ಓಡಾಟ. ನೀರು ಕಂಡರೆ ಅದಕ್ಕೆ ಪ್ರಾಣಭಯ. ಯಾರಾದರೂ ಚೊಂಬು ಎತ್ತಿದರೆ ಸಾಕು, ಬಾಲ ಮುದುರಿ ಮಂಚದ ಕೆಳಗೆ ಸೇರುತ್ತಿತ್ತು.

ಈಗ ಹಕ್ಕಿಯ ವಿಷಯ. ಹೊಳೆಯ ನಡುವೆ ಒಂದು ಮರಳುದಿಣ್ಣೆ. ಅಲ್ಲಿ ಮರಳುಹಕ್ಕಿ ಮೊಟ್ಟೆ ಇಡುತ್ತದೆ. ಅಂಗೈಯಲ್ಲಿ ಹಿಡಿಸುವಷ್ಟು ಹಕ್ಕಿ. ಗೂಡು ಕಟ್ಟುವ ತಾಪತ್ರಯ ಇಟ್ಟುಕೊಂಡಿಲ್ಲ, ಮರಳಲ್ಲೇ ಒಂದು ಕುಳಿ ಕೆದರಿ ಮೂರು ಮೊಟ್ಟೆ ಇಟ್ಟು ಕೂರುತ್ತದೆ. ಮೊಟ್ಟೆಗೂ ಮರಳಿನದೇ ಬಣ್ಣ, ಮೇಲೆ ಕಂದು ಚುಕ್ಕಿ. ಎರಡು ಮಾರು ದೂರದಿಂದ ನೋಡಿದರೆ ಕಾಣುವುದಿಲ್ಲ. ಅತ್ತೆಯ ಪ್ರಾಯದಲ್ಲಿ ಹಿಂದಿನ ಸಾಲಿನ ಹೆಂಗಸರು ಸೌದೆ ಆರಿಸಲು ಆ ದಿಣ್ಣೆಗೆ ಹೋಗುತ್ತಿದ್ದರು. ಮೊಟ್ಟೆಯ ಕಾಲದಲ್ಲಿ ಇಬ್ಬಿಬ್ಬರು ಕೋಲು ಹಿಡಿದು ಕಾಗೆ ಬರದ ಹಾಗೆ ಕಾಯುತ್ತಿದ್ದರು. ಆಗ ಕಚೇರಿ ಇರಲಿಲ್ಲ. ತಾನು ಅಪರೂಪದ್ದು ಎಂದು ಹಕ್ಕಿಗೂ ಗೊತ್ತಿರಲಿಲ್ಲ.

ಆಮೇಲೆ ಕಚೇರಿ ಬಂತು, ಬೇಲಿ ಬಂತು. ಮಾನವ ಹಸ್ತಕ್ಷೇಪ ನಿಷೇಧಿಸಿದೆ ಎಂಬ ಫಲಕ ಬಂತು. ಹಿಂದಿನ ಸಾಲಿನವರು ಆ ಕಡೆ ತಲೆ ಹಾಕಿದರೆ ಕೇಸು. ಆದರೆ ದಿಣ್ಣೆಯವರೆಗೆ ಹಲಗೆಯ ಸೇತುವೆ ಬಂತು. ಬೆಳಗಾದರೆ ಬಸ್ಸಿನಲ್ಲಿ ಬಂದ ಹಕ್ಕಿಪ್ರೇಮಿಗಳು ಕಚೇರಿಯವರು ಕೊಟ್ಟ ರಬ್ಬರು ಬೂಟು ತೊಟ್ಟು, ಕ್ಯಾಮೆರಾ ನೇತುಹಾಕಿಕೊಂಡು ದಿಣ್ಣೆಯ ತುಂಬ ಓಡಾಡುತ್ತಿದ್ದರು. ಅವರು ಮಾನವರಲ್ಲವೋ, ಅವರದು ಹಸ್ತಕ್ಷೇಪವಲ್ಲವೋ, ಆ ಫಲಕ ಬರೆದವನನ್ನೇ ಕೇಳಬೇಕು. ಅಂತೂ ಮರಿಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾದವು. ಯಾಕೆ ಎಂದು ದೊಡ್ಡವರೆಲ್ಲ ಕೂತು ಯೋಚಿಸಿದರು. ಯೋಚಿಸಿ ನರಿಯ ತಲೆಗೆ ಕಟ್ಟಿದರು. ನರಿ ಬಂದು ಇಲ್ಲ ಎಂದು ಹೇಳುವ ಹಾಗಿಲ್ಲವಲ್ಲ.

ನಲವತ್ತು ದಿನದಲ್ಲಿ ಅರವತ್ತೆರಡು ನರಿ ಅವಳ ಮೇಜಿಗೆ ಬಂದವು. ಮಾದರಿ ವಿಭಾಗದ ಅಧಿಕಾರಿ ಪ್ರತಿ ಹೊಟ್ಟೆಯ ಲೆಕ್ಕ ಬರೆದುಕೊಳ್ಳಬೇಕು ಎಂಬುದು ನಿಯಮ. ಆ ಅಧಿಕಾರಿಗೆ ಹಿಂದಿನ ಸಾಲಿನವರು ಕರ್ಚೀಫು ಸಾಹೇಬ ಎಂದು ಹೆಸರಿಟ್ಟಿದ್ದರು. ಶೆಡ್ಡಿನ ಬಾಗಿಲಿನಿಂದ ಹದಿನೈದು ಹೆಜ್ಜೆ ದೂರ, ಮರದ ನೆರಳಲ್ಲಿ, ಮೂಗಿಗೆ ಕರ್ಚೀಫು ಒತ್ತಿಕೊಂಡು ನಿಲ್ಲುತ್ತಿದ್ದ. ಅಷ್ಟು ದಿನದಲ್ಲಿ ಒಂದು ಸಲವೂ ಹೊಸಿಲು ದಾಟಿದವನಲ್ಲ.

"ಚಿಪ್ಪು?" ಎಂದು ಕೂಗುತ್ತಿದ್ದ.

"ಇದೆ ಸಾರ್."

ಬರೆದುಕೊಳ್ಳುತ್ತಿದ್ದ. ಏಡಿಯ ಕಾಲು, ಇಲಿಯ ಬಾಲ, ಬ್ರೆಡ್ಡಿನ ಅಂಚು, ಇವುಗಳ ಬಗ್ಗೆ ಅವನಿಗೆ ಆಸಕ್ತಿಯಿಲ್ಲ. ಅವನ ಕಾಗದದಲ್ಲಿ ಚಿಪ್ಪಿಗೆ ಮಾತ್ರ ಜಾಗ. ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಅರವತ್ತೆರಡರಲ್ಲಿ ನಲವತ್ತೇಳು ಸಲ ಅವಳು ಇದೆ ಎಂದಿದ್ದಳು. ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಕೇಳದ್ದನ್ನು ಹೇಳುವುದು ಹಿಂದಿನ ಸಾಲಿನವರಿಗೆ ಅಭ್ಯಾಸವಿಲ್ಲ. ಹೇಳಿ ಬೈಸಿಕೊಂಡು ಮೂರು ತಲೆಮಾರು ಕಳೆದಿದೆ.

ಒಂದು ಮಧ್ಯಾಹ್ನ ಮೈದುನ ಬಂದೂಕು ಹೆಗಲಿಗೆ ಹಾಕಿಕೊಂಡು ಶೆಡ್ಡಿಗೆ ಬಂದ. ಅವನ ಕೈಯಲ್ಲಿ ಕಾಗದ ಇತ್ತು.

"ನರಿ ಸಾಕಂತೆ ಅತ್ತಿಗೆ. ನಾಳೆಯಿಂದ ನಾಯಿ."

"ಯಾವ ನಾಯಿ?"

"ನಮ್ಮ ನಾಯಿಗಳೇ. ಹಿಂದಿನ ಸಾಲಿನವು. ನಲವತ್ತಿವೆಯಂತೆ, ಎಣಿಸಿಕೊಂಡು ಹೋಗಿದ್ದಾರೆ. ನಾಳೆ ಹನ್ನೊಂದು. ಅದರ ಹೊಟ್ಟೆ ನೋಡಿ ಆಮೇಲೆ ಮಿಕ್ಕಿದ್ದು."

"ನಮ್ಮ ನಾಯಿ ಏನು ಮಾಡಿದ್ವೋ?"

"ಹಕ್ಕಿ ಮೊಟ್ಟೆ ತಿಂತಾವಂತೆ. ನರಿ ಹೊಟ್ಟೆಲೆಲ್ಲ ಹಕ್ಕಿ ಮೊಟ್ಟೆ ಚಿಪ್ಪು ಸಿಕ್ಕಿದೆಯಲ್ಲ, ಅಂದಮೇಲೆ ನಾಯಿಗಳೂ ಬಿಟ್ಟಿರಲ್ಲ ಅಂತ."

ಅವಳು ಪೈಪು ನಿಲ್ಲಿಸಿದಳು. "ನರಿ ಹೊಟ್ಟೆಲಿ ಹಕ್ಕಿ ಮೊಟ್ಟೆ ಇತ್ತು ಅಂತ ಯಾರು ಹೇಳಿದ್ದು?"

ಮೈದುನ ಕಾಗದ ನೋಡಿದ, ಅವಳ ಮುಖ ನೋಡಿದ.

"ನೀವೇ ಅಂತೆ ಅತ್ತಿಗೆ. ನಲವತ್ತೇಳು ಸಲ ಹೇಳಿದ್ದೀರಂತೆ."

ಅವಳು ಮೂರನೆಯ ತಟ್ಟೆ ನೋಡಿದಳು. ಬೆಳಗ್ಗೆ ಕೊಯ್ದ ನರಿಯದು. ಬಿಳಿ ಚಿಪ್ಪಿನ ಚೂರುಗಳು. ದಪ್ಪಗೆ, ಒಂದೇ ಒಂದು ಚುಕ್ಕಿಯಿಲ್ಲದೆ, ಒಳಮೈಗೆ ಪೊರೆ ಅಂಟಿಕೊಂಡು ಕೂತಿದ್ದವು. ಕೋಳಿಮೊಟ್ಟೆ. ಹಾಲು ಕುಡಿಯುವ ಮಗುವಿಗೂ ತಿಳಿಯುತ್ತದೆ ಅದು ಕೋಳಿಮೊಟ್ಟೆಯೆಂದು. ನಲವತ್ತೇಳು ಹೊಟ್ಟೆಯಲ್ಲೂ ಕೋಳಿಮೊಟ್ಟೆಯೇ. ಅತಿಥಿಗೃಹದ ಹಿಂದೆ ಅಡುಗೆಯವನು ದಿನಾ ಬುಟ್ಟಿಗಟ್ಟಲೆ ಸುರಿಯುವ ಚಿಪ್ಪು. ಇಷ್ಟು ಓದಿದವರಿಗೆ ಅದು ಗೊತ್ತಿರುತ್ತದೆ ಎಂದು ಅವಳು ಅಂದುಕೊಂಡಿದ್ದಳು. ಚಿಪ್ಪು ಯಾಕೆ ಕೇಳುತ್ತಾರೋ, ದೊಡ್ಡವರ ಲೆಕ್ಕ ಏನಿದೆಯೋ ಎಂದು ಸುಮ್ಮನಿದ್ದಳು. ಅವರೋ, ಮೊಟ್ಟೆ ಎಂದರೆ ಹಕ್ಕಿಯದೇ ಎಂದುಕೊಂಡು ಕೂತಿದ್ದರು. ಈ ಎರಡು ಅಂದಾಜಿನ ನಡುವೆ ಅರವತ್ತೆರಡು ನರಿ ಸತ್ತಿದ್ದವು.

ತಾನು ಕೊಯ್ದ ಒಂದೊಂದು ಹೊಟ್ಟೆಯೂ ಕಣ್ಣ ಮುಂದೆ ಬಂತು. ಹಾಲು ತುಂಬಿದ್ದ ಒಂದು ಹೆಣ್ಣು ನರಿ ನೆನಪಾಯಿತು. ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು. ತಟ್ಟೆ ಎತ್ತಿಕೊಂಡು ಕಚೇರಿಗೆ ಹೊರಟಳು.

ಕಚೇರಿಯ ವರಾಂಡದ ಮೆಟ್ಟಿಲ ಬಳಿಯೇ ಕಾವಲುಗಾರ ಕೈ ಅಡ್ಡ ಹಿಡಿದ. ಅವಳು ಕೆಳಗೇ ನಿಂತಳು. ಕರ್ಚೀಫು ಸಾಹೇಬ ಕಿಟಕಿಯಲ್ಲಿ ಕಾಣಿಸಿಕೊಂಡ. ಕಿಟಕಿಯ ಗಾಜನ್ನು ನಾಲ್ಕು ಬೆರಳಷ್ಟು ತೆರೆದ.

"ಸಾರ್, ಇದು ಕೋಳಿಮೊಟ್ಟೆ."

"ಏನು?"

"ನರಿ ಹೊಟ್ಟೆಲಿ ಸಿಕ್ಕಿದ್ದೆಲ್ಲ ಕೋಳಿಮೊಟ್ಟೆ ಸಾರ್. ಮರಳುಹಕ್ಕಿದು ಹೀಗಿರಲ್ಲ. ಅದು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿರುತ್ತೆ, ಚುಕ್ಕಿ ಇರುತ್ತೆ. ಒಂದ್ಸಲ ನೋಡಿ."

ಅವನು ನೋಡಲಿಲ್ಲ. ನಕ್ಕ. "ನಾಯಿ ಆದೇಶ ಹೊರಟ ದಿನವೇ ನಿಂಗೆ ಇದು ಗೊತ್ತಾಯ್ತಾ? ನಲವತ್ತು ದಿನ ಬಾಯಲ್ಲಿ ಏನಿಟ್ಕೊಂಡಿದ್ದೆ?"

"ನೀವು ಕೇಳಿದ್ದು ಚಿಪ್ಪು ಇದೆಯಾ ಅಂತ. ಯಾವುದರದ್ದು ಅಂತ ಕೇಳಲಿಲ್ಲ."

"ಹೊಟ್ಟೆಯ ಆಮ್ಲಕ್ಕೆ ಬಣ್ಣ ಹೋಗುತ್ತೆ, ಚುಕ್ಕಿ ಅಳಿಸುತ್ತೆ. ಇದೆಲ್ಲ ನಿಂಗೆ ಅರ್ಥ ಆಗಲ್ಲ, ಬಿಡು."

"ತೆಳ್ಳಗಿದ್ದಿದ್ದು ದಪ್ಪನೂ ಆಗುತ್ತಾ ಸಾರ್?"

ಗಾಜು ಮುಚ್ಚಿಕೊಂಡಿತು. ಗಾಜಿನ ಆಚೆ ಅವನು ಪಕ್ಕದವನಿಗೆ ಏನೋ ಹೇಳಿದ, ಇಬ್ಬರೂ ಅವಳ ಕಡೆ ನೋಡಿ ನಕ್ಕರು. ಕಾವಲುಗಾರ ಅವಳು ನಿಂತಿದ್ದ ಜಾಗಕ್ಕೆ ಒಂದು ಬಕೆಟ್ಟು ನೀರು ಸುರಿದ. ಅವಳ ಕಾಲಿನ ಮೇಲೂ ಬಿತ್ತು.

ಅಲ್ಲಿಂದ ಅತಿಥಿಗೃಹದ ಹಿಂಬಾಗಿಲಿಗೆ ಹೋದಳು. ಗುಂಡಿಯಲ್ಲಿ ಮೊಳಕಾಲುದ್ದ ಚಿಪ್ಪು ಬಿದ್ದಿತ್ತು. ಹತ್ತಿಪ್ಪತ್ತು ನರಿ ಹೆಜ್ಜೆ ಮಣ್ಣಿನಲ್ಲಿ ಒಣಗಿ ಕೂತಿದ್ದವು. ಅಡುಗೆಯವನು ಬಾಣಲೆ ಉಜ್ಜುತ್ತಿದ್ದ.

"ಅಣ್ಣಾ, ದಿನಾ ಎಷ್ಟು ಮೊಟ್ಟೆ ಒಡೀತೀರಾ?"

"ನೂರು ನೂರಿಪ್ಪತ್ತು. ಇವರಿಗೆ ಆಮ್ಲೆಟ್ ಇಲ್ಲದಿದ್ರೆ ಹಕ್ಕಿನೇ ಕಾಣಲ್ಲ."

"ನರಿ ಬಂದು ತಿನ್ನೋದು ನೋಡಿದ್ದೀರಲ್ಲ? ಅದನ್ನ ಸಾಹೇಬರ ಹತ್ರ ಒಂದು ಮಾತು ಹೇಳ್ತೀರಾ?"

ಬಾಣಲೆ ಉಜ್ಜುವುದು ನಿಂತಿತು. "ನೋಡಮ್ಮ, ನಂಗೆ ಮೂರು ಹೆಣ್ಣುಮಕ್ಕಳು. ಗುಂಡಿ ಮುಚ್ಚೋಕೆ ಹೇಳಿದ್ರು, ನಾನು ಮುಚ್ಚಲಿಲ್ಲ. ಈಗ ಅರವತ್ತು ನರಿ ನನ್ನ ತಲೆ ಮೇಲೆ ಬರುತ್ತೆ. ನನ್ನ ತಂಟೆಗೆ ಬರಬೇಡ." ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಅವನೂ ಬಡವನೇ. ಬಡವನ ಭಯವನ್ನು ಬೈದು ಪ್ರಯೋಜನವಿಲ್ಲ ಎಂದು ಅವಳು ವಾಪಸು ಬಂದಳು.

ಮನೆಯಲ್ಲಿ ಅತ್ತೆ ಹೊಸಿಲ ಮೇಲೆ ಕೂತು ಸೋಮಾರಿಯ ಕಿವಿಯಿಂದ ಉಣ್ಣೆಹುಳು ತೆಗೆಯುತ್ತಿದ್ದಳು. ಮೈದುನ ಗೋಡೆಗೆ ಒರಗಿ ನೆಲ ನೋಡುತ್ತಿದ್ದ. ಸುದ್ದಿ ಆಗಲೇ ಬೀದಿಯೆಲ್ಲ ಹರಡಿತ್ತು.

"ಹಕ್ಕಿ ಉಳೀಬೇಕಾದ್ರೆ ಏನಾದ್ರೂ ಸಾಯಲೇಬೇಕಂತೆ ಅಮ್ಮ," ಎಂದ ಮೈದುನ, ಯಾರದೋ ಮಾತನ್ನು ಒಪ್ಪಿಸುವವನ ಹಾಗೆ. "ಸಾಹೇಬರು ಹಾಗಂತಾರೆ."

"ಸಾಯಲಿ. ಬೇಡ ಅಂತ ನಾನೆಲ್ಲಿ ಅಂದೆ?" ಅತ್ತೆ ತಲೆ ಎತ್ತಲಿಲ್ಲ. "ನಾನೂ ಕಾಗೆ ಕೊಂದಿದ್ದೀನಿ. ಕೊಕ್ಕಲ್ಲಿ ಮೊಟ್ಟೆ ಇರೋದನ್ನ ಈ ಕಣ್ಣಲ್ಲಿ ಕಂಡು ಕಲ್ಲು ಬೀಸಿದ್ದೀನಿ. ಬಿದ್ದ ಕಾಗೆನ ನಾನೇ ಎತ್ತಿಕೊಂಡು ಹೋಗಿ ಹೂತಿದ್ದೀನಿ. ಅವತ್ತು ನಂಗೆ ಊಟ ಸೇರಲಿಲ್ಲ. ಇವರು ಒಂದಾದ್ರೂ ಹೆಣ ಮುಟ್ಟಿದ್ದಾರಾ? ಒಂದು ಹೊಟ್ಟೆಯೊಳಗಾದ್ರೂ ಇಣುಕಿದ್ದಾರಾ? ಕೊಲ್ಲೋನು ನೋಡಿ ಕೊಲ್ಲಬೇಕು ಕಣೋ. ಕಿಟಕಿಲಿ ಕೂತು ಕೊಲ್ಲೋದು ಎಂಥ ಕೊಲ್ಲೋದು!"

"ನಾನು ಹೊಡೆಯಲ್ಲ ಅಂದ್ರೆ ಬೇರೆಯವನನ್ನ ಕರೆಸ್ತಾರೆ. ಅವನಿಗೆ ಗುರಿ ಇರಲ್ಲ. ಕಾಲಿಗೆ ಹೊಡೀತಾನೆ, ಸೊಂಟಕ್ಕೆ ಹೊಡೀತಾನೆ. ಎರಡು ದಿನ ಕೂಗಿಕೊಂಡು ಸಾಯ್ತಾವೆ. ನಾನಾದ್ರೆ ಒಂದೇ ಗುಂಡಿಗೆ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದೇ ಅವಳಿಗೆ ಹೊಟ್ಟೆ ಉರಿಸಿದ್ದು. ಇಂಥ ಕರುಣೆಯನ್ನು ಕೂಡ ಹಿಂದಿನ ಸಾಲಿನವರ ಕೈಯಿಂದಲೇ ಮಾಡಿಸುತ್ತಾರೆ.

ಮಾರನೆಯ ಬೆಳಗ್ಗೆ ಅತಿಥಿಗಳ ಬಸ್ಸು ಬರುವ ಮೊದಲೇ ಕೆಲಸ ಮುಗಿಯಬೇಕಿತ್ತು. ಗುಂಡಿನ ಸದ್ದು ಕೇಳಿದರೆ ಹಕ್ಕಿಪ್ರೇಮಿಗಳ ಮನಸ್ಸಿಗೆ ನೋವಾಗುತ್ತದೆ. ಮೊದಲ ಗುಂಡು ಅವಳ ಮನೆಯ ಮುಂದೆಯೇ ಹಾರಿತು. ಸೋಮಾರಿ ಮೈದುನನನ್ನು ಕಂಡು ಬಾಲ ಆಡಿಸಿತ್ತು, ಎದ್ದಿರಲಿಲ್ಲ. ಅದು ಯಾರನ್ನು ಕಂಡರೂ ಏಳುತ್ತಿರಲಿಲ್ಲ.

"ಬೇರೆಯವರ ನಾಯಿ ಹೊಡೆದು ನಮ್ಮನೆದು ಬಿಟ್ಟರೆ ಬೀದಿಲಿ ಮುಖ ಎತ್ತಿ ಹೇಗೆ ಓಡಾಡ್ಲಿ?" ಎಂದ ಅವನು, ಯಾರೂ ಕೇಳದಿದ್ದರೂ. ಆಮೇಲೆ ಹತ್ತು ಸಲ ಸದ್ದಾಯಿತು. ಬಾಗಿಲು ಹಾಕಿಕೊಂಡ ಮನೆಗಳೊಳಗೆ ಹೆಂಗಸರು ಅವನ ವಂಶವನ್ನೇ ಹಿಡಿದು ಬೈದರು. ಅತ್ತೆ ಬೈಯಲಿಲ್ಲ. ಮಂಚದ ಕೆಳಗೆ ಸೋಮಾರಿ ಮಲಗುತ್ತಿದ್ದ ಗೋಣಿಚೀಲ ತಂದು ಮಗನ ಕೈಗೆ ಕೊಟ್ಟಳು. "ಇದರಲ್ಲಿ ಸುತ್ತಿಕೊಂಡು ಹೋಗು," ಎಂದಳು.

ಎಂಟು ಗಂಟೆಗೆ ಹನ್ನೊಂದು ನಾಯಿ ಶೆಡ್ಡಿನ ನೆಲದ ಮೇಲಿದ್ದವು. ಮೈದುನ ಬಾಗಿಲ ಪಕ್ಕ ಬಂದೂಕು ಮೊಣಕಾಲ ಮೇಲಿಟ್ಟುಕೊಂಡು ಕೂತ. ಅವಳು ಸೋಮಾರಿಯನ್ನೇ ಮೊದಲು ಮೇಜಿಗೆ ಎತ್ತಿದಳು. ಬೇರೆ ಯಾರ ಕೈಗೂ ಅದನ್ನು ಕೊಡಲು ಅವಳಿಗೆ ಇಷ್ಟವಿರಲಿಲ್ಲ. ಇನ್ನೂ ಬಿಸಿ ಇತ್ತು. ನರಿಯನ್ನು ಕೊಯ್ಯುವಾಗ ಅವಳ ಕೈ ಒಮ್ಮೆಯೂ ತಡವರಿಸಿರಲಿಲ್ಲ. ಈಗ ಎದೆಮೂಳೆ ಸಿಗಲು ಹೊತ್ತು ಹಿಡಿಯಿತು. ಸೀಳಿದಳು. ದಾರ ಕಟ್ಟಿದಳು. ಚೀಲ ಬಿಚ್ಚಿದಳು. ಒಳಗಿದ್ದದ್ದು ಹಿಂದಿನ ಸಂಜೆ ಅವಳೇ ಹಾಕಿದ ಬ್ರೆಡ್ಡು, ಎರಡು ಎಳೆ ಹುಲ್ಲು. ಅಷ್ಟೇ.

"ಚಿಪ್ಪು?" ಮರದ ಕೆಳಗಿನಿಂದ ಕೂಗು.

"ಇಲ್ಲ."

"ಸರಿಯಾಗಿ ನೋಡು."

"ಇಲ್ಲ ಸಾರ್."

"ಜೀರ್ಣ ಆಗಿರುತ್ತೆ. ಇದೆ ಅಂತ ಬರ್ಕೋತೀನಿ. ಮುಂದಿನದು ತಗೋ."

ಅವಳು ಚಾಕು ಹಿಡಿದು ಹಾಗೇ ನಿಂತಳು. ಇಷ್ಟು ದಿನ ತಾನು ಹೇಳಿದ್ದರಿಂದಲೇ ಎಲ್ಲ ನಡೆಯಿತು ಎಂದು ರಾತ್ರಿಯೆಲ್ಲ ಬೆಂದಿದ್ದಳು. ಇವನಿಗೆ ತನ್ನ ಮಾತೂ ಬೇಡ ಎಂದು ಈಗ ತಿಳಿಯಿತು. ಹೊಟ್ಟೆಯೂ ಬೇಡ, ಚಿಪ್ಪೂ ಬೇಡ. ಮೇಜಿನ ಮೇಲೆ ಒಂದು ಹೆಣ, ಹೆಣದ ಪಕ್ಕ ಹಿಂದಿನ ಸಾಲಿನವಳೊಬ್ಬಳು ನಿಂತಿದ್ದರೆ ಸಾಕು.

ಅಷ್ಟರಲ್ಲಿ ಹಕ್ಕಿ ಮೇಡಂ ಬಂದರು. ಈ ಯೋಜನೆಯೆಲ್ಲ ಅವರದೇ. ಮರಳುಹಕ್ಕಿಯ ಬಗ್ಗೆ ಮಾತಾಡುವಾಗ ಅವರ ಕಣ್ಣಲ್ಲಿ ನಿಜವಾಗಿಯೂ ನೀರು ಬರುತ್ತಿತ್ತು, ಎಲ್ಲರೂ ಕಂಡಿದ್ದರು. ನಲವತ್ತು ಜನ ಅತಿಥಿಗಳನ್ನು ದಿಣ್ಣೆಯಲ್ಲಿ ಓಡಾಡಿಸಿ, ಅತಿಥಿಗೃಹದ ಹಾಲ್‌ನಲ್ಲಿ ತಿಂಡಿಗೆ ಕೂರಿಸಿ, ನಾಯಿಯ ಮೊದಲ ಫಲಿತಾಂಶ ಕೇಳಲು ನೆಟ್ಟಗೆ ಇಲ್ಲಿಗೆ ಬಂದಿದ್ದರು. ಹೊಸಿಲ ತನಕ ಬಂದು ಒಳಗೆ ನೋಡಿ, ಅಯ್ಯೋ ಎಂದು ಮುಖ ತಿರುಗಿಸಿದರು.

"ಪಾಪ, ಹೇಗೆ ಮಾಡ್ತೀಯಮ್ಮ ಈ ಕೆಲಸ? ನನ್ನ ಕೈಲಂತೂ ಆಗಲ್ಲ."

"ಇದು ನಮ್ಮನೆ ನಾಯಿ ಮೇಡಂ."

ಮೇಡಂ ಎದೆಯ ಮೇಲೆ ಕೈ ಇಟ್ಟುಕೊಂಡರು. "ನಂಗೂ ಮನೇಲಿ ಎರಡು ನಾಯಿ ಇವೆ. ಸಂಕಟ ಗೊತ್ತು. ಆದರೆ ಪ್ರಪಂಚದಲ್ಲಿ ನಾಯಿ ಕೋಟಿಗಟ್ಟಲೆ ಇವೆ. ಮರಳುಹಕ್ಕಿ ಉಳಿದಿರೋದು ಕೆಲವೇ ನೂರು. ಯಾರಾದರೂ ಕಠಿಣವಾಗಿ ನಿರ್ಧಾರ ತಗೋಬೇಕಲ್ವಾ?"

"ನಿಮ್ಮನೆ ನಾಯಿಗಳು ಮೊಟ್ಟೆ ಚಿಪ್ಪು ತಿಂದರೆ?"

ಮೇಡಂ ಅದನ್ನು ಕೇಳಿಸಿಕೊಳ್ಳಲಿಲ್ಲ. ಕಾಲಿನ ಕಡೆ ನೋಡಿಕೊಳ್ಳುತ್ತಿದ್ದರು. "ದಿಣ್ಣೆ ಮೇಲೆ ಬೂಟಿಗೆ ಏನೋ ಅಂಟಿಕೊಂಡಿದೆ, ಜಾರ್ತಾ ಇದೆ. ಹೇಗೂ ಪೈಪು ಇದೆಯಲ್ಲ, ಇದನ್ನ ಸ್ವಲ್ಪ ತೊಳೆದುಕೊಡು." ಬಾಗಿಲ ಚೌಕಟ್ಟು ಹಿಡಿದುಕೊಂಡು ಎಡಗಾಲಿನ ಬೂಟು ಕಳಚಿ, ತುದಿಬೆರಳಲ್ಲಿ ಹಿಡಿದು ಚಾಚಿದರು. ಎಲ್ಲರ ಬೂಟು ತೊಳೆಯುವುದು ಕಾವಲುಗಾರನ ಕೆಲಸ. ಅವನು ಬಸ್ಸು ಹೋದ ಮೇಲೆ ಸಾಲಾಗಿ ನಿಲ್ಲಿಸಿ ಪೈಪು ಬಿಡುತ್ತಿದ್ದ, ತಿರುಗಿಸಿ ನೋಡುತ್ತಿರಲಿಲ್ಲ.

ಅವಳು ಬೂಟು ತೆಗೆದುಕೊಂಡಳು. ಪೈಪಿನ ತುದಿಯನ್ನು ಅದರ ಕಡೆ ತಿರುಗಿಸಿದಳು. ಅಭ್ಯಾಸ ಎಂಬುದು ಅಷ್ಟು ಕೆಟ್ಟದ್ದು, ಕೈ ತಾನಾಗಿ ಹೋಯಿತು. ನೀರು ಬಿಡುವ ಮುಂಚೆ ಬೂಟಿನ ಅಡಿ ಕಣ್ಣಿಗೆ ಬಿತ್ತು.

ದಪ್ಪ ರಬ್ಬರಿನ ಗೀರುಗಳಲ್ಲಿ ಮರಳು ಕಚ್ಚಿಕೊಂಡಿತ್ತು. ಮರಳಿನ ಮೇಲೆ ಹಳದಿ ಲೋಳೆ, ಇನ್ನೂ ಹಸಿಯಾಗಿತ್ತು. ಲೋಳೆಯಲ್ಲಿ ಚಿಪ್ಪಿನ ಚೂರು. ಅವಳು ಉಗುರಿನಿಂದ ಒಂದನ್ನು ಬಿಡಿಸಿ ಬೆಳಕಿಗೆ ಹಿಡಿದಳು. ಮರಳಿನ ಬಣ್ಣ. ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ. ಮೇಲೆ ಕಂದು ಚುಕ್ಕಿ. ಹಿಮ್ಮಡಿಯ ಗೀರಿನಲ್ಲಿ ಇನ್ನೂ ಏನೋ ಇತ್ತು. ಅದಕ್ಕೆ ಒಂದು ಕೊಕ್ಕಿತ್ತು, ಕಣ್ಣು ಇನ್ನೂ ತೆರೆದಿರಲಿಲ್ಲ.

ಅರವತ್ತೆರಡು ನರಿಗಳ ಹೊಟ್ಟೆಯಲ್ಲಿ ಬೆರಳಾಡಿಸಿ ಹುಡುಕಿದರೂ ಸಿಗದಿದ್ದ ಮರಳುಹಕ್ಕಿಯ ಮೊಟ್ಟೆ ಕೊನೆಗೂ ಅವಳ ಕೈಗೆ ಸಿಕ್ಕಿತ್ತು.

"ಏನು ನೋಡ್ತಾ ನಿಂತೆ? ಬೇಗ ತೊಳಿ. ಅಲ್ಲಿ ಎಲ್ಲ ಕಾಯ್ತಿದ್ದಾರೆ," ಎಂದರು ಮೇಡಂ, ಒಂಟಿಕಾಲಲ್ಲಿ ತೂಗಾಡುತ್ತ.

"ತೊಳೆಯಲ್ಲ."

"ಏನಂದೆ?"

"ಇದನ್ನ ತೊಳೆಯಲ್ಲ. ನಾಯಿನೂ ಇನ್ನು ಕೊಯ್ಯಲ್ಲ." ಅವಳು ಬೂಟಿನ ಅಡಿಯನ್ನು ಮೇಡಂ ಮುಖದ ಮುಂದೆ ಹಿಡಿದಳು. "ನೋಡಿ. ನಿಮ್ಮ ಕೆಲವೇ ನೂರರಲ್ಲಿ ಇದೊಂದು. ಗುರುತು ಸಿಕ್ತಾ?"

ಮೇಡಂಗೆ ಗುರುತು ಸಿಕ್ಕಿತು. ಅದು ಅವರ ಮುಖದಲ್ಲೇ ಕಂಡಿತು. ಅವರು ಓದಿದವರು, ಕರ್ಚೀಫು ಸಾಹೇಬನ ಹಾಗೆ ಮೂರ್ಖರಲ್ಲ. ಆ ಕ್ಷಣದಲ್ಲಿ ಅಳುತ್ತಾರೇನೋ ಎಂದು ಹೊಟ್ಟೆಯವಳಿಗೆ ಅನಿಸಿತು. ಅತ್ತಿದ್ದರೆ ಅವಳು ಬೂಟನ್ನು ವಾಪಸು ಕೊಟ್ಟುಬಿಡುತ್ತಿದ್ದಳೋ ಏನೋ. ಆದರೆ ಮೇಡಂ ತಿರುಗಿ ಮರದ ಕಡೆ ನೋಡಿದರು.

"ಇದು ಆಕಸ್ಮಿಕ," ಎಂದರು, ತಗ್ಗಿದ ದನಿಯಲ್ಲಿ. "ಇದನ್ನ ಈಗ ದೊಡ್ಡದು ಮಾಡಬೇಡ. ನಡೆದಾಡೋ ದಾರಿ ಬಗ್ಗೆ ಮುಂದಿನ ವರ್ಷ ಯೋಚನೆ ಮಾಡೋಣ. ಈ ಜನ ಬರದೇ ಹೋದ್ರೆ ಹಕ್ಕಿಗೆ ದಿಕ್ಕೇ ಇಲ್ಲ. ನಿಂಗೆ ಇದೆಲ್ಲ ಅರ್ಥ ಆಗಲ್ಲ. ಬೂಟು ಕೊಡು."

"ನಾಯಿಗಳು?"

"ನಾಯಿ ವಿಷಯ ಬೇರೆ."

ಅವಳು ಮೇಡಂ ಪಕ್ಕದಿಂದಲೇ ಹೊಸಿಲು ದಾಟಿ ಹೊರಬಂದಳು. ಒಂದು ಕೈಯಲ್ಲಿ ಬೂಟು. ಮೊಣಕೈ ತನಕ ಸೋಮಾರಿಯ ರಕ್ತ. ಮೇಡಂ ಹಿಂದೆ ಸರಿಯಲು ಹೋಗಿ ಕಾಲುಚೀಲದಲ್ಲಿ ಕಾಲುವೆಯ ನೀರಿಗೆ ಇಳಿದರು, ಅದು ಏನು ನೀರೆಂದು ನೋಡಿ ಕಿರುಚಿದರು.

"ಹಿಡಿಯೋ ಅವಳನ್ನ!" ಎಂದು ಮರದ ಕೆಳಗಿನಿಂದ ಕರ್ಚೀಫು ಸಾಹೇಬ ಅರಚಿದ. ಅರಚಲು ಕರ್ಚೀಫು ತೆಗೆಯಬೇಕಾಯಿತು. ತೆಗೆದವನೇ ಕೆಮ್ಮಿದ.

ಮೈದುನ ಎದ್ದು ನಿಂತ. ಬಂದೂಕಿನಿಂದ ಉಳಿದಿದ್ದ ಗುಂಡುಗಳನ್ನು ಒಂದೊಂದಾಗಿ ಹೊರಗೆ ತೆಗೆದು ಕಾಲುವೆಗೆ ಎಸೆದ. ಬಂದೂಕನ್ನು ಸಾಹೇಬನ ಕಡೆ ನೆಲದ ಮೇಲೆ ಜಾರಿಸಿದ. "ನಿಮ್ಮದು ನೀವೇ ಇಟ್ಕೊಳ್ಳಿ ಸಾರ್. ಇಪ್ಪತ್ತೊಂಬತ್ತು ನಾಯಿ ಉಳಿದಿವೆ, ನೀವೇ ಬಂದು ಹೊಡೀರಿ. ಬೀದಿಲಿ ಎಲ್ಲರೂ ಇರ್ತೀವಿ." ಒಳಗೆ ಹೋಗಿ ಸೋಮಾರಿಯನ್ನು ಗೋಣಿಚೀಲದಲ್ಲಿ ಸುತ್ತಿ ಎತ್ತಿಕೊಂಡು ಅತ್ತಿಗೆಯ ಹಿಂದೆ ನಡೆದ.

ಹಾಲ್‌ನ ಮುಂಬಾಗಿಲಲ್ಲಿ ಕಾವಲುಗಾರ ಕೈ ಅಡ್ಡ ಹಿಡಿದ. "ಹಿಂದಿನಿಂದ ಬಾ," ಎಂದ.

"ಕೈ ತೆಗಿ," ಎಂದಳು. ತನ್ನ ಕೈ ಎತ್ತಿ ತೋರಿಸಿದಳು. ಆ ಕೈ ತನಗೆ ತಗುಲೀತು ಎಂದು ಅವನು ಪಕ್ಕಕ್ಕೆ ಹಾರಿದ. ಹುಟ್ಟಿದಾಗಿನಿಂದ ಅವಳನ್ನು ದೂರ ಇಟ್ಟಿದ್ದ ಅಸಹ್ಯ ಅವತ್ತು ಒಂದು ಸಲ ಅವಳ ಕೆಲಸಕ್ಕೆ ಬಂತು.

ಒಳಗೆ ಗೋಡೆಯ ಮೇಲೆ ನರಿಯ ಹಲ್ಲನ್ನು ಬಾಗಿಲಷ್ಟು ದೊಡ್ಡದು ಮಾಡಿ ತೋರಿಸುತ್ತಿದ್ದರು. ಒಬ್ಬ ಯುವಕ ಕೋಲು ಹಿಡಿದು, ಈ ಕ್ರೂರ ಪ್ರಾಣಿ ಎಂದು ಶುರು ಮಾಡಿದವನು ಅವಳನ್ನು ಕಂಡು ಅಲ್ಲಿಗೇ ನಿಲ್ಲಿಸಿದ. ನಾಲ್ಕು ಸಾಲು ಮೇಜು, ಬಿಳಿ ಬಟ್ಟೆ. ನಲವತ್ತು ಜನ. ಎಲ್ಲರ ತಟ್ಟೆಯಲ್ಲೂ ಆಮ್ಲೆಟ್. ಮುಳ್ಳುಚಮಚಗಳು ಬಾಯಿಯ ಹತ್ತಿರ ನಿಂತವು. ಯಾರೋ ಮೂಗು ಮುಚ್ಚಿಕೊಂಡರು. ಮುಂದಿನ ಸಾಲಿನ ಹೆಂಗಸೊಬ್ಬಳು, "ಏನಿದು? ಯಾರು ಇವರನ್ನ ಒಳಗೆ ಬಿಟ್ಟಿದ್ದು?" ಎಂದಳು.

ಬೂಟನ್ನು ತಲೆಕೆಳಗಾಗಿ, ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದಳು. ಹಳದಿ ಲೋಳೆ ಅವಳ ಮಣಿಕಟ್ಟಿನವರೆಗೆ ಇಳಿದು ನಾಯಿಯ ರಕ್ತಕ್ಕೆ ಸೇರಿತು. ಹಿಮ್ಮಡಿಯ ಗೀರಿನ ಆ ಪುಟ್ಟ ಕೊಕ್ಕು ಮುಂದಿನ ಸಾಲಿಗೆ ಚೆನ್ನಾಗಿ ಕಂಡಿರಬೇಕು. ಅಲ್ಲಿದ್ದವಳ ಮುಳ್ಳುಚಮಚ ತಟ್ಟೆಗೆ ಬಿತ್ತು. ಬಾಗಿಲಲ್ಲಿ ಮೈದುನ ಗೋಣಿಚೀಲ ತಬ್ಬಿಕೊಂಡು ನಿಂತಿದ್ದ.

"ಇದು ನಿಮ್ಮ ಹಕ್ಕಿ," ಎಂದಳು. ಅವಳ ದನಿ ಏರಲಿಲ್ಲ. "ಬೆಳಗ್ಗೆ ದಿಣ್ಣೆ ಮೇಲೆ ಸತ್ತಿದ್ದು. ಅರವತ್ತೆರಡು ನರಿ ಹೊಟ್ಟೆ ನೋಡಿ ಆಯ್ತು. ನಮ್ಮನೆ ನಾಯಿ ಹೊಟ್ಟೆನೂ ನೋಡಿ ಆಯ್ತು. ಈಗ ನೀವೆಲ್ಲ ಒಂದ್ಸಲ ಕಾಲೆತ್ತಿ, ನೋಡೋಣ."

ಯಾರೂ ಎತ್ತಲಿಲ್ಲ. ಕೇಳಿಸಿದ್ದು ಒಂದೇ ಸದ್ದು: ಬಿಳಿ ಬಟ್ಟೆ ಹಾಸಿದ ಮೇಜುಗಳ ಕೆಳಗೆ ಎಂಬತ್ತು ಕಾಲುಗಳು ಮೆಲ್ಲಗೆ, ಮರಳು ಕರಕರ ಎನ್ನಿಸುತ್ತ, ಕುರ್ಚಿಗಳ ಅಡಿಗೆ ಸರಿದುಕೊಂಡವು.